ಗದ್ದಲಕ್ಕೆ ಸವೆದ ಕಿವಿ, ರಕ್ತದಲ್ಲಿ ಸುಳಿವು

ನನ್ನಿವಾಳದ ಸುತ್ತ ಬೆಳೆದ ಶೇಂಗಾ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಬರುತ್ತದೆ. ಆ ಯಂತ್ರಗಳ ಮಗ್ಗುಲಲ್ಲೇ ದಿನವಿಡೀ ದುಡಿಯುವವರ ಕಿವಿ ಏನಾಗುತ್ತದೆ?

ಒಳಗಿವಿಯ ಕಾಕ್ಲಿಯಾದಲ್ಲಿ ಸುಮಾರು 12,000 ಹೊರ ಕೂದಲು ಕೋಶಗಳಿವೆ. ಪ್ರೆಸ್ಟಿನ್ ಎಂಬ ಪ್ರೋಟೀನಿನ ಬಲದಿಂದ ಇವು ಹಿಗ್ಗಿ ಕುಗ್ಗಿ, ಪಿಸುಮಾತನ್ನೂ ನಮಗೆ ಮುಟ್ಟಿಸುತ್ತವೆ. ಗದ್ದಲಕ್ಕೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಕಟವೆಂದರೆ, ಎಷ್ಟೋ ಕೋಶಗಳು ಹೋದ ಮೇಲೂ ಸಾಮಾನ್ಯ ಶ್ರವಣ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದೇ ಕಾಣಬಹುದು.

2000ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪೀಟರ್ ಡಲೋಸ್ ತಂಡ ಗುರುತಿಸಿದ ಈ ಪ್ರೆಸ್ಟಿನ್ ಅನ್ನೇ, ಹೀಗೆ ಮರೆಯಲ್ಲಿರುವ ಹಾನಿಯ ಸುಳಿವಿಗಾಗಿ, ಸಂಶೋಧಕರು ಈಗ ರಕ್ತದಲ್ಲಿ ಅಳೆಯುತ್ತಿದ್ದಾರೆ. ಜೋರು ಸದ್ದಿಗೆ ಒಡ್ಡಿದ ಪ್ರಾಣಿಗಳ ರಕ್ತದಲ್ಲಿ ಅದರ ಮಟ್ಟ ಬದಲಾಗಿದೆ. ಮನುಷ್ಯರಲ್ಲಿ ಫಲಿತಾಂಶ ಇನ್ನೂ ಗಟ್ಟಿಯಾಗಿಲ್ಲ, ಹಾಗಾಗಿ ನಮ್ಮೂರ ಲ್ಯಾಬಿನಲ್ಲಿ ಈ ಪರೀಕ್ಷೆ ಸಿಗದು. ಗಟ್ಟಿಯಾದ ದಿನ, ಇದು ಮೊದಲು ತಲುಪಬೇಕಾದದ್ದು ಇಂಥ ಮಿಲ್ಲಿನ ಕಾರ್ಮಿಕರಿಗೇ.

ಕೈಚಾಚಿದಷ್ಟು ದೂರದಲ್ಲಿರುವವರಿಗೂ ಕೂಗಿ ಹೇಳಬೇಕಾದರೆ, ಸದ್ದು 85 ಡೆಸಿಬಲ್ ದಾಟಿರುವ ಸಾಧ್ಯತೆ ಹೆಚ್ಚು. ಮಾಲೀಕರನ್ನು ಕೇಳಿ ಇಯರ್‌ಪ್ಲಗ್ ಪಡೆದು ಹಾಕಿಕೊಳ್ಳಿ. ಕೆಲಸ ಬಿಟ್ಟ ಮೇಲೂ ಕಿವಿ ಗುಂಯ್‌ಗುಡುತ್ತಿದ್ದರೆ ತಡಮಾಡದೆ ಕಿವಿ ಡಾಕ್ಟರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಶ್ರವಣ ಪರೀಕ್ಷೆ ಮಾಡುತ್ತಾರೆ.