ಒಂದೇ ಬಡಿತದ ಮೇಲೆ

ಸಂಗೀತದ ವಿಷಯದಲ್ಲಿ ಅಧಿಕಾರದಿಂದ ಮಾತನಾಡುವ ಯೋಗ್ಯತೆ ನನಗಿಲ್ಲ. ರಾಮೋತ್ಸವದ ಚಪ್ಪರಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕಿವಿಯನ್ನು ಒಂದಿಷ್ಟು ಹದಗೊಳಿಸಿಕೊಂಡವನು, ಅಷ್ಟೆ. ಅಂಥವನು ‘ಸೈಕೆಡೆಲಿಕ್ ಟ್ರಾನ್ಸ್’ ಎಂಬ ನರ್ತನಸಂಗೀತವನ್ನು ಕುರಿತು ಮಾತನಾಡಲು ಹೊರಟಿರುವುದು ನನಗೇ ವಿನೋದವಾಗಿ ತೋರುತ್ತದೆ. ಇದಕ್ಕೆ ಕಾರಣ ನನ್ನ ಸೋದರಳಿಯ. ಬೆಂಗಳೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅವನ ವಾಸ. ಹಗಲು ಕಚೇರಿಯ ಕೆಲಸ, ರಾತ್ರಿ ಈ ಸಂಗೀತದ ರಚನೆ. ಒಮ್ಮೆ ಮೂರು ವಾರಗಳ ಕಾಲ ಪ್ರತಿರಾತ್ರಿಯೂ ಒಂದೇ ಬಗೆಯ ಬಡಿತ ಸೂರಿನಿಂದ ಇಳಿದು ಬರುತ್ತಿತ್ತು. ಕೊನೆಗೆ ತಡೆಯಲಾರದೆ ಮೆಟ್ಟಿಲು ಹತ್ತಿಹೋಗಿ, “ಒಂದು ಏಟು ಹಾಕುವುದಕ್ಕೆ ಮೂರು ವಾರ ಬೇಕೇನೋ?” ಎಂದು ಕೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. “ಆ ಒಂದು ಏಟು ಸರಿಹೋಗಿದ್ದರೆ ಮೊದಲ ವಾರವೇ ಮುಗಿಯುತ್ತಿತ್ತು, ಮಾವ” ಎಂದ. ಆ ಉತ್ತರವನ್ನು ಅರ್ಥ ಮಾಡಿಕೊಳ್ಳಲು ನಾನು ಪಟ್ಟ ಪ್ರಯತ್ನವೇ ಈ ಭಾಷಣ.

ಮೊದಲು ಹೆಸರನ್ನು ನೋಡೋಣ. ‘ಸೈಕೆಡೆಲಿಕ್’ ಎಂಬುದು 1950ರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಗ್ರೀಕ್ ಧಾತುಗಳಿಂದ ಕಟ್ಟಿದ ಶಬ್ದ. ಮನಸ್ಸನ್ನು ಪ್ರಕಟಗೊಳಿಸುವಂಥದು ಎಂದು ಅದರ ಅರ್ಥ. ‘ಟ್ರಾನ್ಸ್’ ಎಂದರೆ ಪರವಶತೆ. ಈ ಸಂಗೀತ ರೂಪುಗೊಂಡ ಸ್ಥಳ ನಮ್ಮ ನೆರೆಯ ಗೋವಾ. 1960ರ ದಶಕದ ಕೊನೆಯಿಂದ ಪಶ್ಚಿಮದ ಅಲೆಮಾರಿ ತರುಣರು ಅಂಜುನಾ ಕಡಲತೀರಕ್ಕೆ ಬರತೊಡಗಿದರು. ಆರಂಭದಲ್ಲಿ ಬೆಂಕಿಯ ಸುತ್ತ ಗಿಟಾರ್ ನುಡಿಯುತ್ತಿದ್ದ ಆ ರಾತ್ರಿಕೂಟಗಳಿಗೆ 1980ರ ದಶಕದಲ್ಲಿ ಯಂತ್ರಸಂಗೀತ ಬಂತು. ಕ್ಯಾಲಿಫೋರ್ನಿಯಾದಿಂದ ಬಂದು ಇಲ್ಲಿ ನೆಲೆನಿಂತ ‘ಗೋವಾ ಗಿಲ್’ ಈ ಕೂಟಗಳ ಹಿರಿಯರೆನಿಸಿದರು. ಅವರು ತೀರಿಕೊಂಡದ್ದು 2023ರಲ್ಲಿ. ಬಿಸಿಲಿಗೆ ಸೊಟ್ಟಗಾಗುವ ಗ್ರಾಮಫೋನ್ ತಟ್ಟೆಗಳ ಬದಲು ‘ಡ್ಯಾಟ್’ ಎಂಬ ಪುಟ್ಟ ಧ್ವನಿಸುರುಳಿಗಳು ಅಲ್ಲಿ ಕೈಯಿಂದ ಕೈಗೆ ಸಾಗಿದವು. 1990ರ ದಶಕದಲ್ಲಿ ಅಲ್ಲಿಂದ ಮರಳಿದವರು ಇಂಗ್ಲೆಂಡ್, ಜರ್ಮನಿ, ಇಸ್ರೇಲ್‌ಗಳಲ್ಲಿ ತಾವೇ ಇಂಥ ಸಂಗೀತವನ್ನು ರಚಿಸತೊಡಗಿದರು.

ಹೀಗೆ ರಚಿಸುವವರನ್ನು ‘ನಿರ್ಮಾಪಕ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ಚಲನಚಿತ್ರಕ್ಕೆ ಹಣ ಹೂಡುವ ಸಾಹುಕಾರರ ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ವಾಗ್ಗೇಯಕಾರ, ವಾದಕ, ಧ್ವನಿಮುದ್ರಣ ಮಾಡುವ ಇಂಜಿನಿಯರು, ಈ ಮೂವರೂ ಒಬ್ಬನೇ ಆದವನು ನಿರ್ಮಾಪಕ.

ಅವನ ಕೆಲಸದ ಸ್ವರೂಪವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಈ ಸಂಗೀತದ ನಡೆ ನಿಮಿಷಕ್ಕೆ ಸುಮಾರು 145 ಬಡಿತ. ಎಂಟು ನಿಮಿಷದ ಒಂದು ರಚನೆಯಲ್ಲಿ ಸಾವಿರಕ್ಕೂ ಮಿಕ್ಕಿ ಬಡಿತಗಳಿರುತ್ತವೆ. ಒಂದೊಂದು ಬಡಿತದ ಅವಧಿಯನ್ನೂ ನಾಲ್ಕು ಪಾಲು ಮಾಡಿದರೆ, ಸಾಮಾನ್ಯವಾಗಿ ಮೊದಲ ಪಾಲಿನಲ್ಲಿ ಮದ್ದಳೆಯ ಏಟಿನಂಥ ಪೆಟ್ಟು, ಉಳಿದ ಮೂರರಲ್ಲಿ ಮಂದ್ರಸ್ವರದ ಬೇಸ್. ಒಂದು ಪಾಲೆಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಪೆಟ್ಟೂ ಮಂದ್ರ, ಬೇಸೂ ಮಂದ್ರ. ಪೆಟ್ಟಿನ ನಾದ ಕೂದಲೆಳೆಯಷ್ಟು ಉದ್ದವಾದರೂ ಮುಂದಿನ ಸ್ವರಕ್ಕೆ ತಾಗಿ ಎರಡೂ ಕೆಸರಾಗುತ್ತವೆ; ಗಿಡ್ಡವಾದರೆ ಕುಣಿಯುವವನ ಎದೆಗೆ ಅದು ತಟ್ಟುವುದಿಲ್ಲ. ಅದರ ಶ್ರುತಿ ಬೇಸಿನ ಶ್ರುತಿಗೆ ಹೊಂದಬೇಕು. ಕಚೇರಿಗೆ ಮುನ್ನ ಮೃದಂಗ ವಿದ್ವಾಂಸರು ಎಡಮುಖಕ್ಕೆ ರವೆ ಹಚ್ಚಿ, ಬಲಮುಖವನ್ನು ತಟ್ಟಿ ತಟ್ಟಿ ಶ್ರುತಿಗೆ ತರುವುದನ್ನು ನೀವು ಕಂಡಿದ್ದೀರಿ. ನನ್ನ ಅಳಿಯ ಮೂರು ವಾರ ಮಾಡುತ್ತಿದ್ದುದು ಅದನ್ನೇ. ಆ ಒಂದು ಪೆಟ್ಟು ಸಾವಿರ ಸಲ ಮರಳಿ ಬರಲಿದೆ. ಅದರಲ್ಲಿ ತಪ್ಪಿದ್ದರೆ ತಪ್ಪೂ ಸಾವಿರ ಸಲ ಮರಳುತ್ತದೆ.

ಹಾಗಾದರೆ ಬದಲಾಗುವುದು ಏನು? ನಾದದ ಬಣ್ಣ. ಇದಕ್ಕೆ ಸಂಬಂಧಿಸಿದ ಒಂದು ಯಂತ್ರದ ಕಥೆ ಸ್ವಾರಸ್ಯವಾಗಿದೆ. ಜಪಾನಿನ ರೋಲಂಡ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ‘ಟಿ.ಬಿ. 303’ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಬೇಸ್ ಗಿಟಾರಿನವನಿಲ್ಲದೆಡೆ ಅವನ ಸ್ಥಾನ ತುಂಬುವುದು ಅದರ ಉದ್ದೇಶ. ಆದರೆ ಅದರ ದನಿ ಗಿಟಾರಿನಂತೆ ಇರಲೇ ಇಲ್ಲ. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಮುಂಬಯಿಯ ಚಿತ್ರಸಂಗೀತದ ವಾದಕರಾದ ಚರಣ್‌ಜಿತ್ ಸಿಂಗ್ ಅದನ್ನೇ ಕೊಂಡು, ಹತ್ತು ರಾಗಗಳನ್ನು ಡಿಸ್ಕೋ ನಡೆಯ ಮೇಲೆ ನುಡಿಸಿ 1982ರಲ್ಲಿ ಒಂದು ತಟ್ಟೆ ಹೊರತಂದರು. ಆಗ ಅದನ್ನು ಗಮನಿಸಿದವರು ವಿರಳ; 2010ರಲ್ಲಿ ಮರುಮುದ್ರಣವಾದಾಗ ಪಶ್ಚಿಮದ ಕೇಳುಗರು ಬೆರಗಾದರು. 1980ರ ದಶಕದ ನಡುವಿನಲ್ಲಿ ಶಿಕಾಗೋದ ತರುಣರು ಅದೇ ಪೆಟ್ಟಿಗೆಯ ಸ್ವರಗಳು ಓಡುತ್ತಿರುವಾಗಲೇ ಅದರ ಗುಂಡಿಗಳನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಸ್ವರ ಅದೇ, ಲಯ ಅದೇ. ಆದರೆ ನಾದ ಮಂಕಿನಿಂದ ಹೊಳಪಿಗೆ, ಗೊಣಗಿನಿಂದ ಚೀತ್ಕಾರಕ್ಕೆ ಏರತೊಡಗಿತು. ಟ್ರಾನ್ಸ್ ನಿರ್ಮಾಪಕನಿಗೆ ದೊರೆತ ಬಹುಮುಖ್ಯ ಸಾಧನಗಳಲ್ಲಿ ಇದೊಂದು. ನಮ್ಮ ಗಾಯಕ ಒಂದೇ ಸ್ವರದ ಮೇಲೆ ನಿಂತು ಅದನ್ನು ಅರಳಿಸುವಂತೆ, ಇವನು ಒಂದೇ ಸ್ವರಗುಚ್ಛವನ್ನು ನಿಮಿಷಗಟ್ಟಲೆ ಅರಳಿಸುತ್ತಾನೆ.

ಆದರೆ ಇಲ್ಲೊಂದು ಸಂಕಟವಿದೆ. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲು. ಆ ಮಿತಿಯೇ ವೈಣಿಕನಿಗೆ ಆಸರೆ. ಈ ಯಂತ್ರಗಳಿಗೆ ಮಿತಿಯೇ ಇಲ್ಲ. ಯಾವ ದನಿಯನ್ನು ಬೇಕಾದರೂ ಯಾವ ದನಿಯನ್ನಾಗಿಯೂ ತಿರುಚಬಹುದು. ಎಲ್ಲವೂ ಸಾಧ್ಯವಾದಾಗ ಯಾವುದು ಬೇಕು ಎಂಬುದೇ ತಿಳಿಯದಂತಾಗುತ್ತದೆ. ಒಂದೇ ತುಣುಕನ್ನು ನೂರು ಸಲ ಕೇಳಿದ ಕಿವಿ ಸೋತು, ಒಳಿತು ಕೆಡುಕುಗಳ ವಿವೇಕವನ್ನೇ ಕಳೆದುಕೊಳ್ಳುತ್ತದೆ. ಮುಗಿಯದ ರಚನೆಗಳು ಯಂತ್ರದೊಳಗೆ ರಾಶಿ ಬೀಳುತ್ತವೆ.

ಈ ಸಂಕಟದಿಂದ ಪಾರಾಗುವ ಒಂದು ದಾರಿಯನ್ನು ನಾನು ಸೈಮನ್ ಪೋಸ್‌ಫರ್ಡ್ ಅವರ ಜೀವನದಲ್ಲಿ ಕಂಡೆ. ಇವರು 1971ರಲ್ಲಿ ಹುಟ್ಟಿದ ಇಂಗ್ಲಿಷರು. ಇತರರ ಧ್ವನಿಮುದ್ರಣಕ್ಕೆ ಇಂಜಿನಿಯರಾಗಿ ದುಡಿಯುತ್ತ ಕೆಲಸ ಕಲಿತವರು. ‘ಹಲೂಸಿನೋಜೆನ್’ ಎಂಬ ಹೆಸರಿನಲ್ಲಿ 1995ರಲ್ಲಿ ಅವರು ಹೊರತಂದ ‘ಟ್ವಿಸ್ಟೆಡ್’ ಈ ಪ್ರಕಾರದ ಮೇಲ್ಪಂಕ್ತಿಗಳಲ್ಲೊಂದು. ಯಂತ್ರದ ಮೇಲೆ ಇಷ್ಟು ಪ್ರಭುತ್ವವಿದ್ದ ಈ ತರುಣ ಮುಂದೆ ಜೊತೆಗೂಡಿದ್ದು, ವಯಸ್ಸಿನಲ್ಲಿ ತನಗೆ ತಂದೆಯಂತಿದ್ದ ಒಬ್ಬ ಕೊಳಲುವಾದಕರ ಜೊತೆಗೆ. ರಾಜಾರಾಂ ಎಂದು ಹೆಸರು ತಳೆದ ಇವರು ಆಸ್ಟ್ರೇಲಿಯದ ಮೆಲ್ಬರ್ನಿನವರು. 1969ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಕ್ವಿಂಟೆಸೆನ್ಸ್’ ತಂಡದಲ್ಲಿ ಕೊಳಲು ನುಡಿಸಿದವರು. ಇಬ್ಬರೂ ಸೇರಿ ‘ಷ್ಪಾಂಗಲ್’ ಎಂಬ ಹೆಸರಿನಲ್ಲಿ 1998ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಅದರ ಕೊನೆಯ, ಸುಮಾರು ಇಪ್ಪತ್ತು ನಿಮಿಷಗಳ ರಚನೆಗೆ ಪ್ರೇರಣೆ, ಭಾರತದಲ್ಲಿ ಅವರು ಕಂಡ ಒಂದು ಸೂರ್ಯಗ್ರಹಣ. ಕಲ್ಪನೆಗಳನ್ನೂ ಕೊಳಲನ್ನೂ ತರುವವರು ರಾಜಾರಾಂ. ಅವನ್ನು ನಾದವಾಗಿ ಕಟ್ಟುವವರು ಪೋಸ್‌ಫರ್ಡ್. ಹಗಲು ಇರುಳಾಗುವ ಗಳಿಗೆ ಹೇಗೆ ಕೇಳಿಸಬೇಕು ಎಂಬ ಪ್ರಶ್ನೆ ಎದುರಿಗಿದ್ದರೆ, ಅಸಂಖ್ಯ ದನಿಗಳಲ್ಲಿ ಬಹುಪಾಲು ತಾವಾಗಿಯೇ ಉದುರಿಹೋಗುತ್ತವೆ. ಯಂತ್ರಕ್ಕೆ ಇಲ್ಲದ ಮಿತಿಯನ್ನು ಮನುಷ್ಯನ ಒಂದು ಅನುಭವ, ಮನುಷ್ಯನ ಒಂದು ಉಸಿರು ಒದಗಿಸಿತೆಂದು ನಾನು ತಿಳಿಯುತ್ತೇನೆ.

ಇದರ ಮೇಲಿರುವ ದೊಡ್ಡ ಆಕ್ಷೇಪವನ್ನು ನಾನು ಮರೆಮಾಚಲಾರೆ. ಮಾದಕದ್ರವ್ಯದ ನೆರಳು ಈ ಸಂಗೀತದ ಹೆಸರಿನಲ್ಲೇ ಇದೆ, ಕೂಟಗಳಲ್ಲಿಯೂ ಇದೆ. ಅದರಿಂದ ಹಾಳಾದ ಬಾಳುಗಳೂ ಇವೆ. ಹಳ್ಳಿಗರ ನಿದ್ದೆಗೆಡಿಸಿದ ಗದ್ದಲವೂ ನಿಜ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದಲ್ಲಿ ನಿಯಮವೇ ಬಂತು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಅಳೆದು ತೂಗಿ ತಿದ್ದುವ ಕೆಲಸ ಮಂಪರಿನಲ್ಲಿರುವವನಿಂದ ಆಗತಕ್ಕದ್ದಲ್ಲ. ಕೇಳುವವನು ಮೈಮರೆಯಬೇಕಾದರೆ ಮಾಡುವವನು ಎಚ್ಚರವಾಗಿರಬೇಕು.

ಹೋದ ತಿಂಗಳು ಅಳಿಯ ನನ್ನನ್ನು ಮೇಲಕ್ಕೆ ಕರೆದು, ಕಿವಿಗೆ ಹೆಡ್‌ಫೋನ್ ಇಟ್ಟು, ಒಂದೇ ರಚನೆಯ ಎರಡು ಪಾಠಗಳನ್ನು ಕೇಳಿಸಿದ. ಮೊದಲ ಸಲ ನನಗೆ ಭೇದ ತಿಳಿಯಲಿಲ್ಲ. ಮೂರನೆಯ ಸಲ, ಎರಡನೆಯದರಲ್ಲಿ ಪೆಟ್ಟಿಗೂ ಸ್ವರಕ್ಕೂ ನಡುವೆ ಕಿರಿದಾದ ಒಂದು ತೆರಪು ಕೇಳಿಸಿತು. ಹಾಗೆಂದೆ. ಅವನ ಮುಖ ಅರಳಿತು, ಮರುಗಳಿಗೆಗೆ ಬಾಡಿತು.

“ಇದನ್ನು ಯಾರೂ ನುಡಿಸುತ್ತಿಲ್ಲ ಮಾವ. ಆರು ವರ್ಷವಾಯಿತು. ಅಮ್ಮನಿಗೂ ಬೇಸರ. ಬಿಟ್ಟುಬಿಡಲೇ?”

ಹಿಂದೊಮ್ಮೆ ಇವನ ತಾಯಿಯ ಎದುರಿಗೆ, ಬಿಟ್ಟರೆ ಹುಡುಗ ಉದ್ಧಾರವಾಗುತ್ತಾನೆ ಎಂದು ಹೇಳಿದವನು ನಾನೇ. ಆ ಮಾತು ಈಗ ನಾಲಗೆಗೆ ಬರಲಿಲ್ಲ. “ಏಟು ಸರಿಹೋಯಿತೇ?” ಎಂದು ಮಾತ್ರ ಕೇಳಿದೆ.

ಅವನು ಕೊಂಚ ಹೊತ್ತು ಯೋಚಿಸಿದ. “ಇಲ್ಲ, ಇನ್ನೂ ಸ್ವಲ್ಪ ಉದ್ದವಿದೆ” ಎಂದು ಪರದೆಯ ಕಡೆಗೆ ತಿರುಗಿದ. ನಾನು ಬಾಗಿಲನ್ನು ಮುಂದಕ್ಕೆ ಮಾಡಿಕೊಂಡು ಕೆಳಗಿಳಿದು ಬಂದೆ.