ನಿಮಗಿದು ಗೊತ್ತೆ? ಕರೆಂಟಿನಿಂದ ಮೂಡಿದ ನಗು

ಫ್ರಾನ್ಸಿನ ವೈದ್ಯ ಡುಶೆನ್ ವೃದ್ಧನೊಬ್ಬನ ಕೆನ್ನೆಗೆ ವಿದ್ಯುತ್ ಕಡ್ಡಿ ತಾಗಿಸಿ ನಗು ಮೂಡಿಸಿದ್ದರು. ತುಟಿಯ ಅಂಚು ಮೇಲೆದ್ದರೂ ಕಣ್ಣು ನಗಲಿಲ್ಲ! 1862ರಲ್ಲಿ ಅವರು ಪ್ರಕಟಿಸಿದ ಇಂಥ ಪ್ರಯೋಗಗಳ ಫೋಟೊಗಳಲ್ಲಿ ಕೆಲವನ್ನು ಡಾರ್ವಿನ್ 1872ರ ತಮ್ಮ ಪುಸ್ತಕದಲ್ಲಿ ಬಳಸಿಕೊಂಡರು.

ಹೀಗೆ ನಗಿಸಿದರೆ ಮನಸ್ಸೂ ಹಗುರಾದೀತೇ? ಪ್ರಯೋಗಗಳು ನಡೆದಿವೆ. ಆದರೆ ಖಿನ್ನತೆಗೆ ಇದಿನ್ನೂ ಸಾಬೀತಾದ ಚಿಕಿತ್ಸೆಯಲ್ಲ. ಮುಖದ ಸ್ನಾಯುಗಳಿಗೆ ಕರೆಂಟು ಕೊಡುವ ಯಂತ್ರವನ್ನು ಫಿಸಿಯೋಥೆರಪಿಯವರು ಬಳಸುವುದು ಬಾಯಿ ಸೊಟ್ಟಗಾದವರಿಗೆ.

ತೀವ್ರ ಖಿನ್ನತೆಗೆ ನಿಜಕ್ಕೂ ನೆರವಾಗುವುದು ಮಿದುಳಿಗೆ ಕೊಡುವ ವಿದ್ಯುತ್ ಚಿಕಿತ್ಸೆ, ಅಂದರೆ ಇಸಿಟಿ. ಇದನ್ನು ಇಮಿಪ್ರಮೈನ್ ಎಂಬ ಖಿನ್ನತೆಯ ಮಾತ್ರೆಯ ಜೊತೆ ಹೋಲಿಸಿ ನೋಡಿದ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರ ಅಧ್ಯಯನ 1982ರಲ್ಲೇ ಪ್ರಕಟವಾಗಿದೆ. 'ಶಾಕ್' ಎಂದರೆ ಸಿನಿಮಾದಲ್ಲಿ ತೋರಿಸುವಂತೆ ಕಟ್ಟಿಹಾಕಿ ಕೊಡುವ ಶಿಕ್ಷೆ ಎಂದು ಹೆದರಿ ಎಷ್ಟೋ ಮನೆಯವರು ಹಿಂಜರಿಯುತ್ತಾರೆ. ಈ ಹಿಂಜರಿಕೆ ನೋವಿನ ಸಂಗತಿ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಎರಡೂ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ರೋಗಿ ನಿದ್ದೆಯಲ್ಲಿರುತ್ತಾರೆ.

ಮನಸ್ಸು ಕುಗ್ಗಿದ್ದರೆ ಮನೆಯಿಂದಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.