ನಿಮಗಿದು ಗೊತ್ತೆ? ಸರ್ಕಾರಿ ರೀಲಿನ ಕಾರ್ಟೂನ್ ಗುರು
ಹಾಲಾಡಿಯಿಂದ ಕುಂದಾಪುರಕ್ಕೆ ಸಿನಿಮಾ ನೋಡಲು ಹೋಗುತ್ತಿದ್ದ ಹಿರಿಯರಿಗೆ, ಮುಖ್ಯ ಚಿತ್ರಕ್ಕೂ ಮೊದಲು ಬರುತ್ತಿದ್ದ ಫಿಲ್ಮ್ಸ್ ಡಿವಿಷನ್ ರೀಲು ನೆನಪಿರಬೇಕು. ಅಣೆಕಟ್ಟು, ಪ್ರವಾಹ, ಮಂತ್ರಿಗಳ ಉದ್ಘಾಟನೆ! ಅದೇ ಸರ್ಕಾರಿ ಸಂಸ್ಥೆಯಲ್ಲಿ ಕಾರ್ಟೂನ್ ವಿಭಾಗವೂ ಇತ್ತು. ಡಿಸ್ನಿಯ ‘ಬಾಂಬಿ’ಗೆ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಗೆ ಬಂದು ಇಲ್ಲಿನವರಿಗೆ ಕಲಿಸಿದರು. 1956ರಲ್ಲಿ ಸೇರಿದ ರಾಮ್ ಮೋಹನ್ ಪಳಗಿದ್ದು ಅಲ್ಲೇ. ಆಗ ಕಾರ್ಟೂನ್ ಎಂದರೆ ಪಾರದರ್ಶಕ ಹಾಳೆಯ ಮುಂಬದಿಗೆ ಗೆರೆ, ಹಿಂಬದಿಗೆ ಬಣ್ಣ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮು. ತಾಳ್ಮೆಗೆಟ್ಟವರ ಕೆಲಸವಲ್ಲ. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ನಲ್ಲಿ (1969) ಅನಿಮೇಷನ್ ರಾಮ್ ಮೋಹನ್ ಅವರದೇ. ಯುನಿಸೆಫ್‌ನ ಕಾರ್ಟೂನ್ ಹುಡುಗಿ ‘ಮೀನಾ’ಳಿಗೆ ರೂಪ ಕೊಟ್ಟವರೂ ಅವರೇ. ಜಪಾನಿನ ಯೂಗೊ ಸಾಕೊ ತಯಾರಿಸಿದ ‘ರಾಮಾಯಣ’ದ ನಿರ್ದೇಶನಕ್ಕೂ ಕೈಜೋಡಿಸಿದರು. ಪದ್ಮಶ್ರೀ ಮಾತ್ರ ತಡವಾಗಿಯೇ ಬಂತು, 2014ರಲ್ಲಿ.